ಕಣ್ಣಿನ ನೋಟವೋ, ಮೆದುಳಿನ ಇಂಪ್ಲಾಂಟೋ?

ಕೈಕಾಲಿನ ಜೊತೆ ಮಾತೂ ನಿಂತಿದ್ದು, ಕಣ್ಣು ಚೆನ್ನಾಗಿ ಆಡುತ್ತಿದ್ದರೆ ಮೊದಲು ಐ ಟ್ರ್ಯಾಕರ್ ನೋಡಿ. ಪರದೆಯ ಅಕ್ಷರದ ಮೇಲೆ ಕಣ್ಣು ನೆಟ್ಟರೆ ಸಾಕು, ಇನ್‌ಫ್ರಾರೆಡ್ ಕ್ಯಾಮೆರಾ ಅದನ್ನು ಗುರುತಿಸಿ ಟೈಪ್ ಮಾಡುತ್ತದೆ. ಆಪರೇಷನ್ ಬೇಡ. ಕಣ್ಣು ದಣಿಯುತ್ತದೆ, ಬಿಸಿಲಲ್ಲಿ ತಪ್ಪುತ್ತದೆ, ನಿಜ.

ತಲೆಯೊಳಗೆ ಇಟ್ಟು, ಮೆದುಳಿನ ಸಂಕೇತ ಓದಿ ಪದವಾಗಿಸುವ ಸಾಧನವೇ ಇಂಪ್ಲಾಂಟ್. ಅದರ ವೇಗ ಬೇರೆಯೇ. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫೋರ್ಡ್ ಪ್ರಯೋಗದಲ್ಲಿ ಎಎಲ್‌ಎಸ್ (ಸ್ನಾಯುಗಳ ಶಕ್ತಿ ಕುಂದಿಸುವ ನರರೋಗ) ಇರುವ ಮಹಿಳೆಯೊಬ್ಬರು ನಿಮಿಷಕ್ಕೆ 62 ಪದ ಮುಟ್ಟಿದರು. ಎಷ್ಟು ದೊಡ್ಡ ಮಾತು ಅಲ್ವಾ! ಆದರೆ ಇದಿನ್ನೂ ಪ್ರಯೋಗದ ಹಂತ. ಹೆಚ್ಚಿನವಕ್ಕೆ ತಲೆಬುರುಡೆ ತೆರೆಯಬೇಕು, ಸೋಂಕಿನ ಭಯವಿದೆ. ನ್ಯೂರಾಲಿಂಕ್ ಕಂಪನಿಯ ಮೊದಲ ರೋಗಿಯಲ್ಲಿ 2024ರಲ್ಲಿ, ಮೆದುಳಿನ ಸಂಕೇತ ಹಿಡಿಯುವ ಕೆಲವು ಎಳೆಗಳು ಜಾಗದಿಂದ ಸರಿದಿದ್ದವು. ಸಿಂಕ್ರಾನ್ ಕಂಪನಿಯ ಇಂಪ್ಲಾಂಟ್ ಆದರೆ ಕತ್ತಿನ ರಕ್ತನಾಳದ ಮೂಲಕ ಹೋಗುತ್ತದೆ, ಬುರುಡೆ ಕೊರೆಯುವುದಿಲ್ಲ.

ಸೇರುವ ಮುನ್ನ ಒಂದನ್ನು ಕೇಳಲೇಬೇಕು: ಪ್ರಯೋಗ ಮುಗಿದ ಮೇಲೆ ಸಾಧನ ಉಳಿಯುತ್ತದೆಯೇ, ಅದನ್ನು ನೋಡಿಕೊಳ್ಳುವವರು ಯಾರು?