ಅಡಿಕೆ ಅಂಗಳಕ್ಕೆ ಕ್ಯಾಮೆರಾ: ವೈಫೈಯದೋ, ಪೆಟ್ಟಿಗೆಯದೋ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಂಗಳವನ್ನು ಈಗ ಕಾಯುತ್ತಿರುವುದು ವೈರ್ ಎಳೆದು ಕೂರಿಸಿದ ಹಳೆಯ ಮಾದರಿಯ ಕ್ಯಾಮೆರಾಗಳು. ಅವುಗಳ ವಿಡಿಯೊ ದಾಖಲಿಸಿಡುವ ಡಿವಿಆರ್ ಪೆಟ್ಟಿಗೆ ನಡುಮನೆಯ ಕಪಾಟಿನಲ್ಲಿದೆ, ಕಪಾಟಿನ ಕೀಲಿಕೈ ನನ್ನ ಹತ್ತಿರ ಇದೆ. ಅದಕ್ಕೂ ಮೊದಲು ಕೊಂಡಿದ್ದ ವೈಫೈ ಕ್ಯಾಮೆರಾ ಈಗ ಕೊಟ್ಟಿಗೆಗೆ ವರ್ಗವಾಗಿದೆ. ದನಗಳಿಗೆ ಖಾಸಗಿತನದ ಚಿಂತೆ ಇಲ್ಲ.

ಚಾಲಿ ಅಡಿಕೆಯ (ಬಿಸಿಲಲ್ಲಿ ಒಣಗಿಸಿ ಸುಲಿದ ಹಣ್ಣಡಿಕೆ) ದರ ಕ್ವಿಂಟಲ್‌ಗೆ 40,000 ರೂಪಾಯಿ ದಾಟಿದ ಮೇಲೆ, ಒಣಹಾಕಿದ ಮಾಲನ್ನು ಅಂಗಳದಲ್ಲಿ ಬಿಟ್ಟು ಮನೆಮಂದಿಯೆಲ್ಲ ಮದುವೆಗೆ ಹೊರಡುವ ಧೈರ್ಯ ಶಿರಸಿ ಸೀಮೆಯಲ್ಲಿ ಯಾರಿಗೂ ಉಳಿದಿಲ್ಲ. ಕ್ಯಾಮೆರಾ ಬೇಕೋ ಬೇಡವೋ ಎಂಬ ಚರ್ಚೆ ಆದ್ದರಿಂದ ನಮ್ಮಲ್ಲಿ ಮುಗಿದಿದೆ. ಚಿತ್ರದ ಗುಣಮಟ್ಟ ಎರಡರಲ್ಲೂ ಚೆನ್ನಾಗಿದೆ, ಅದನ್ನು ಬೆಳೆಸುವುದಿಲ್ಲ.

ಅನುಕೂಲದ ಮಾತಿಗೆ ಬಂದರೆ ವೈಫೈ ಕ್ಯಾಮೆರಾವೇ ಮುಂದು. ಬೆಲೆ ಎರಡೂವರೆ ಸಾವಿರ, ಒಂದು ಪ್ಲಗ್, ಒಂದು ಆ್ಯಪ್. ಗೋಡೆ ಕೊರೆಯುವುದಿಲ್ಲ, ಅಟ್ಟ ಹತ್ತುವುದಿಲ್ಲ. ಶಿರಸಿ ಪೇಟೆಯಲ್ಲಿ ನಿಂತು ಮನೆಯ ಅಂಗಳ ನೋಡಬಹುದು. ಹಳೆಯ ಮನೆಯ ದಪ್ಪ ಚಿರೆಕಲ್ಲಿನ ಗೋಡೆ ದಾಟುವಾಗ ಸಿಗ್ನಲ್ ಸೊರಗುತ್ತದೆ, ಆದರೆ ರೂಟರನ್ನು ಕಿಟಕಿಗೆ ಸರಿಸಿದರೆ ಸುಧಾರಿಸುತ್ತದೆ. ಮಂಗ ಬಂದರೂ ಸೋಗೆ ಬಿದ್ದರೂ ಫೋನ್ ಬಡಿದುಕೊಳ್ಳುತ್ತಿತ್ತು. ಮನುಷ್ಯರು ಬಂದಾಗ ಮಾತ್ರ ಎಚ್ಚರಿಸುವ ಸೌಲಭ್ಯಕ್ಕೆ ತಿಂಗಳ ಬಾಡಿಗೆ ಬೇರೆ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇನ್ನೊಂದು.

ಕ್ಯಾಮೆರಾ ಕೂರಿಸಲು ಬಂದ ಹುಡುಗ ಅದನ್ನು ಮೊದಲು ತನ್ನ ಫೋನಿನಲ್ಲಿ ಜೋಡಿಸಿದ. ‘ಟೆಸ್ಟ್ ಮಾಡಿ ನಿಮಗೆ ಶೇರ್ ಮಾಡುತ್ತೇನೆ ಹೆಗಡೆಯವರೇ’ ಎಂದ, ಹಾಗೆಯೇ ಮಾಡಿದ. ನನ್ನ ಫೋನಿನಲ್ಲಿ ಅಂಗಳ ಕಾಣಿಸಿತು, ಚಹಾ ಕುಡಿದು ಹೋದ. ದೀಪಾವಳಿಗೆ ಬಂದ ಮಗಳು ಆ್ಯಪ್ ತೆರೆದು ಏನನ್ನೋ ಬದಲಿಸಲು ಹೋದಾಗ ಆ ಆಯ್ಕೆಯೇ ಇರಲಿಲ್ಲ. ನಾನು ಆ್ಯಪ್‌ನ ಲೆಕ್ಕದಲ್ಲಿ ಅತಿಥಿ. ಮಾಲೀಕ ಆ ಹುಡುಗ. ನನ್ನ ಹಣ, ನನ್ನ ಕರೆಂಟು, ನನ್ನ ವೈಫೈ. ಆದರೆ ನಮ್ಮ ಜಗಲಿಯಲ್ಲಿ ಯಾರು ಕೂತಿದ್ದಾರೆ ಎಂದು ಯಾವ ಹೊತ್ತಿನಲ್ಲಾದರೂ ನೋಡುವ ಹಕ್ಕು, ಬೇಕಾದರೆ ನನ್ನನ್ನೇ ಹೊರಗೆ ಹಾಕುವ ಹಕ್ಕು ಅವನದು.

ರೀಸೆಟ್ ಗುಂಡಿ ಒತ್ತಿ ನೋಡಿದೆವು. ಕ್ಯಾಮೆರಾ ಮತ್ತೆ ಎದ್ದಿತು, ಹೊಸದಾಗಿ ಜೋಡಿಸಲು ಹೋದರೆ ‘ಈ ಸಾಧನ ಬೇರೊಂದು ಖಾತೆಗೆ ಸೇರಿದೆ’ ಎಂದಿತು. ಕದ್ದ ಕ್ಯಾಮೆರಾವನ್ನು ಇನ್ನೊಬ್ಬರು ಬಳಸಬಾರದೆಂದು ಮಾಡಿದ ಬಂದೋಬಸ್ತು ಇದು, ಉದ್ದೇಶ ಒಳ್ಳೆಯದೇ. ನಮ್ಮ ವಿಷಯದಲ್ಲಿ ಮಾತ್ರ ಕಳ್ಳನ ಜಾಗದಲ್ಲಿ ನಾನು ನಿಂತಿದ್ದೆ. ಬಿಲ್ಲಿನ ಫೋಟೊ, ಕ್ಯಾಮೆರಾದ ಸರಣಿ ಸಂಖ್ಯೆಯ (ಸೀರಿಯಲ್ ನಂಬರ್) ಫೋಟೊ ಕಳಿಸಿ ಎಂದು ಸಹಾಯವಾಣಿ ಹೇಳಿತು. ಬಿಲ್ಲಿನಲ್ಲಿ ಅಂಗಡಿಯವರು ಸರಣಿ ಸಂಖ್ಯೆ ಬರೆದಿರಲಿಲ್ಲ. ಆ ಹುಡುಗನೋ ಅಂಗಡಿ ಬಿಟ್ಟು ಗೋವಾಕ್ಕೆ ಕೆಲಸಕ್ಕೆ ಹೋಗಿದ್ದ.

ಕೊನೆಗೆ ಫೋನಿಗೆ ಸಿಕ್ಕ. ಪಾಪ, ಕೆಟ್ಟವನಲ್ಲ. ಮರೆತೇ ಹೋಗಿತ್ತು ಎಂದ, ಅಲ್ಲಿಂದಲೇ ನಮ್ಮ ಕ್ಯಾಮೆರಾವನ್ನು ತೆಗೆದುಹಾಕಿದ. ‘ಇದರಲ್ಲಿ ಇನ್ನೂ ಸುಮಾರು ಜನರ ಮನೆ ಇದೆ’ ಎಂದೂ ಸೇರಿಸಿದ, ತೀರಾ ಸಹಜವಾಗಿ. ನನಗೆ ನಿದ್ದೆ ಕೆಡಿಸಿದ್ದು ಆ ಮಾತು. ಆ ಫೋನ್ ನಾಳೆ ಬಸ್ಸಿನಲ್ಲಿ ಕಳೆದುಹೋದರೆ?

ವೈಫೈ ಕ್ಯಾಮೆರಾದ ವಿಡಿಯೊ ಹೋಗಿ ಸೇರುವ ಕಂಪನಿಯ ದೂರದ ಸರ್ವರ್‌ಗಳ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಅಮೆಜಾನ್ ಒಡೆತನದ ರಿಂಗ್ ಎಂಬ ಕ್ಯಾಮೆರಾ ಕಂಪನಿಯ ನೌಕರರು ಗ್ರಾಹಕರ ಖಾಸಗಿ ವಿಡಿಯೊ ನೋಡುತ್ತಿದ್ದರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು, ಕಂಪನಿ 58 ಲಕ್ಷ ಡಾಲರ್ ತೆರಬೇಕಾಯಿತು. 2024ರ ಫೆಬ್ರುವರಿಯಲ್ಲಿ ವೈಜ್ ಎಂಬ ಇನ್ನೊಂದು ಕ್ಯಾಮೆರಾ ಕಂಪನಿಯ ಸುಮಾರು 13,000 ಬಳಕೆದಾರರಿಗೆ ಬೇರೆಯವರ ಕ್ಯಾಮೆರಾಗಳ ಚಿತ್ರಗಳು ಕಂಡವು. ಆದರೂ ಹಳ್ಳಿಯಲ್ಲಿ ಇರುವವನಿಗೆ ಅಪರಿಚಿತ ಎಂಜಿನಿಯರ್‌ಗಿಂತ ಪರಿಚಯದ ಕಣ್ಣೇ ಹೆಚ್ಚು ಬಾಧಿಸುತ್ತದೆ.

ಇನ್ನು ಮೈಕ್. ವೈಫೈ ಕ್ಯಾಮೆರಾ ಡಬ್ಬದಿಂದ ಹೊರಬಂದಾಗಲೇ ಅದರ ಮೈಕ್ ಚಾಲೂ ಇತ್ತು. ಅಡಿಕೆ ಸುಲಿಯುವವರು ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಊರಿನ ಸಮಾಚಾರವೆಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತದೆ: ಯಾರ ಮನೆಯ ಸೊಸೆ, ಯಾರ ಸಾಲ, ಯಾವ ಹೆಗಡೆಯ ಜಿಪುಣತನ. ಕ್ಯಾಮೆರಾ ಬಂದ ರಾತ್ರಿ ಜಗಲಿ ಮೌನವಾಗಿತ್ತು. ಹಿರಿಯಾಕೆಯೊಬ್ಬಳು ‘ಅದು ನಮ್ಮ ಮಾತನ್ನೂ ಕೇಳುತ್ತದೆಯೇ ಒಡೆಯಾ?’ ಎಂದಳು. ಕೇಳುತ್ತಿತ್ತು. 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿದ್ದಾರೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಬಳಕೆಗೆ ಇಟ್ಟುಕೊಂಡ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಆ ಹೆಂಗಸರಿಗೆ ಉತ್ತರ ಕೊಡಬೇಕಾದವನು ನಾನೇ. ಈಗಿನ ವೈರ್ ಕ್ಯಾಮೆರಾಗಳಲ್ಲಿ ಮೈಕ್ ಇಲ್ಲದ್ದನ್ನೇ ಕೇಳಿ ತಂದೆ, ಜಗಲಿಯನ್ನು ಬಿಟ್ಟು ಅಂಗಳಕ್ಕೆ ಮಾತ್ರ ತಿರುಗಿಸಿದೆ. ಮಾತು ಮರಳಿತು, ಜಿಪುಣತನದ ಪ್ರಸ್ತಾಪವೂ.

ಡಿವಿಆರ್ ಪೆಟ್ಟಿಗೆ ದೇವರಲ್ಲ. ನಾಲ್ಕು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್, ಕೇಬಲ್, ಕೂಲಿ ಎಲ್ಲ ಸೇರಿ ಹದಿನೇಳು ಸಾವಿರದ ಹತ್ತಿರ ಬಿತ್ತು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21 ಜಿಬಿ ಬೇಕು; ನಾಲ್ಕಕ್ಕೆ ಈ ಡಿಸ್ಕ್ 11 ದಿನ ಸಾಕಾಗುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ನಮಗೆ ಅಷ್ಟು ಸಾಕು. ಅಡಿಕೆ ಹೋದದ್ದು ಗೊತ್ತಾಗಲು 11 ದಿನ ಬೇಕಾದವನಿಗೆ ಕ್ಯಾಮೆರಾ ಏನು ಮಾಡೀತು? ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮಾತ್ರ ಮೊದಲ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಾಯಿಸದ ಪಾಸ್‌ವರ್ಡ್‌ಗಳಿಂದಲೇ.

ನಿಜವಾದ ತೊಂದರೆ ಸಿಡಿಲಿನದು. ಅಂಗಳದ ನಾಲ್ಕು ಮೂಲೆಗೆ ಎಳೆದ ತಾಮ್ರದ ತಂತಿ ಸಿಡಿಲಿಗೆ ಕೊಟ್ಟ ಆಮಂತ್ರಣ. ಮುಂಗಾರಿಗೆ ಮೊದಲಿನ ಗುಡುಗಿಗೂ ಹಿಂಗಾರಿನ ಗುಡುಗಿಗೂ ಪೆಟ್ಟಿಗೆಯ ಎಲ್ಲ ವೈರು ಕಳಚಿಡುತ್ತೇನೆ. ಆ ಹೊತ್ತಿನಲ್ಲಿ ಕಾವಲು ಇಲ್ಲ.

ಪೆಟ್ಟಿಗೆಗೆ ಇಂಟರ್ನೆಟ್ ಕೊಟ್ಟಿಲ್ಲ. ಬೆಂಗಳೂರಿನ ಮಗಳಿಗೆ ಇದೇ ಬೇಸರ: ‘ಅಪ್ಪಾ, ನೀವಿಬ್ಬರೇ ಇರುತ್ತೀರಿ, ನಾನು ನೋಡುವುದು ಹೇಗೆ?’ ಅವಳ ಮಾತಿನಲ್ಲಿ ನ್ಯಾಯವಿದೆ. ಮನೆಯಲ್ಲೇ ವಿಪಿಎನ್, ಅಂದರೆ ನಮ್ಮವರಷ್ಟೇ ದೂರದಿಂದ ಪೆಟ್ಟಿಗೆ ತಲುಪುವ ಖಾಸಗಿ ದಾರಿ, ಮಾಡಿಕೊಡುತ್ತೇನೆ ಎಂದಿದ್ದಾಳೆ. ಬೇಸಿಗೆ ರಜೆಯಲ್ಲಿ ನೋಡೋಣ. ನಾನು ದಿನವಿಡೀ ಮನೆ, ತೋಟ ಎಂದು ಇರುವವನು, ದೂರದಿಂದ ನೋಡುವ ಅಗತ್ಯ ವರ್ಷದಲ್ಲಿ ಬೆರಳೆಣಿಕೆಯಷ್ಟು. ತಿಂಗಳ ಬಾಡಿಗೆ ಕಟ್ಟುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ತೋಟದ ಕೊನೆಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಇದೆಯಲ್ಲ ಎನ್ನುತ್ತಾರೆ. ನಮ್ಮ ಕಣಿವೆಯಲ್ಲಿ ಮನುಷ್ಯರಿಗೇ ಸಿಗ್ನಲ್ ಸಿಗುವುದಿಲ್ಲ.

ಕಾರವಾರದಲ್ಲೋ ಕುಮಟೆಯಲ್ಲೋ ಬಾಡಿಗೆ ಮನೆಯಲ್ಲಿ ಇದ್ದು ಗೋಡೆ ಕೊರೆಯಲಾಗದವರು, ವಯಸ್ಸಾದವರನ್ನು ದೂರದಿಂದ ನೋಡಿಕೊಳ್ಳಬೇಕಾದವರು ವೈಫೈಯದನ್ನೇ ಕೊಳ್ಳಿ. ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆಯ ನಿಯಮವನ್ನು 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಜಾರಿಗೆ ತಂದಿರುವುದರಿಂದ ಹಳೆಯ ದಾಸ್ತಾನು ಬೇಡ ಎನ್ನಿ. ಖಾತೆ ನಿಮ್ಮ ಮೊಬೈಲ್ ನಂಬರಿನಲ್ಲೇ ತೆರೆಯಲಿ, ಬಿಲ್ಲಿನಲ್ಲಿ ಸರಣಿ ಸಂಖ್ಯೆ ಬರೆಸಿ, ಆ್ಯಪ್‌ನಲ್ಲಿ ಮಾಲೀಕರ ಹೆಸರು ನಿಮ್ಮದೇ ಎಂದು ನೋಡಿದ ಮೇಲೆ ಕೂರಿಸಿದವನ ಕೂಲಿ ಕೊಡಿ.