ಹಳೇ ಫೈಬರ್ ಕಾರಿಗೆ ಎಪಾಕ್ಸಿ ಪ್ರೈಮರ್ ಹೊಡೆಸುವ ಮುಂಚೆ ಇದನ್ನು ಓದಿ

ಹಳೇ ಫೈಬರ್‌ಗ್ಲಾಸ್ ಬಾಡಿಯ ಕಾರಿಗೆ ಮತ್ತೆ ಬಣ್ಣ ಹೊಡೆಸಬೇಕು ಅಂತಿದ್ದೀರಾ? ಸ್ವಲ್ಪ ತಡೆಯಿರಿ. ನಾನು ಈ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಮೊದಲ ಸಲ 38,000 ರೂಪಾಯಿ ಕೊಟ್ಟು ಹಾಳು ಮಾಡಿಸಿಕೊಂಡೆ. ಎರಡನೇ ಸಲ 55,000 ಕೊಟ್ಟು ಆ ಹಾಳನ್ನು ಕೆರೆದು ತೆಗೆಸಿದೆ.

ನಮ್ಮದು 1985ರ ಸಿಪಾನಿ ಡಾಲ್ಫಿನ್. ಕಾಕಾ ತಗೊಂಡ ಗಾಡಿ. ಈಗಿನ ಹುಡುಗರು ಹೆಸರನ್ನೂ ಕೇಳಿರಲಿಕ್ಕಿಲ್ಲ. ಬೆಂಗಳೂರಲ್ಲೇ ತಯಾರಾಗುತ್ತಿದ್ದ ಎರಡು ಬಾಗಿಲಿನ ಕಾರು ಇದು. 1982ರಲ್ಲಿ ಬಂತು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿ ಎಂಜಿನ್, ಕೆಳಗೆ ಕಬ್ಬಿಣದ ಚಾಸಿ, ಮೇಲೆ ಪೂರ್ತಿ ಫೈಬರ್. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಓಣಿಯ ಹುಡುಗರು "ಪ್ಲಾಸ್ಟಿಕ್ ಕಾರ್ ಬಂತು" ಅಂತ ಬಾನೆಟ್ ಮೇಲೆ ಡಬ್ ಡಬ್ ಬಡಿದು ಓಡುತ್ತಿದ್ದರು. ಬಾಡಿಗೆ ತುಕ್ಕು ಹಿಡಿಯೋದಿಲ್ಲ ಅನ್ನೋದೊಂದೇ ಕಾಕಾನ ಹೆಮ್ಮೆ.

ಆರ್‌ಸಿ ನವೀಕರಣ ಅಕ್ಟೋಬರ್‌ಗೆ ಇತ್ತು. ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು, ಅಷ್ಟರೊಳಗೆ ಚೆಂದ ಕಾಣಲಿ ಅಂತ ಜುಲೈನಲ್ಲಿ ಕೆಲಸಕ್ಕೆ ಬಿಟ್ಟೆ. ಜುಲೈ! ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ಜುಲೈ ಅಂದರೆ ಏನು ಅಂತ ಗೊತ್ತಿರಬೇಕಿತ್ತು, ಅಲ್ವಾ? ಹಾಸಿಗೆಯೇ ತಂಪು ಹಿಡಿಯುವ ಕಾಲದಲ್ಲಿ ಕಾರಿಗೆ ಬಣ್ಣ ಹೊಡೆಸಲು ಹೊರಟೆ. ಈ ತಪ್ಪು ಪೂರ್ತಿ ನನ್ನದೇ.

ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಒಂದು ಗ್ಯಾರೇಜು. ಹೆಸರು ಬೇಡ. ಪೇಂಟರ್ ಕೆಟ್ಟ ಮನುಷ್ಯನೇನೂ ಅಲ್ಲ, ಕೈ ಪಳಗಿದವನೇ. ಆದರೆ ಅವನು ಅಲ್ಲಿವರೆಗೆ ಮಾಡಿದ್ದೆಲ್ಲ ತಗಡಿನ ಗಾಡಿ. "ಎಪಾಕ್ಸಿ ಹೊಡದ್ರ ಹತ್ತು ವರ್ಷ ನೋಡೂ ಹಂಗಿಲ್ರಿ ಸರ್" ಅಂದ. ಅವನು ಹೇಳಿದ್ದು ಎಪಾಕ್ಸಿ ಪ್ರೈಮರ್, ಅಂದರೆ ಬಣ್ಣಕ್ಕಿಂತ ಮೊದಲು ಹೊಡೆದು ಬಾಡಿಯನ್ನು ಮುಚ್ಚುವ ಪದರ. ನಾನೂ ಎಪಾಕ್ಸಿ ಒಳ್ಳೇದು ಅಂತ ಎಲ್ಲೋ ಓದಿದ್ದೆ. ತಲೆ ಆಡಿಸಿದೆ.

ಹಳೇ ಬಣ್ಣ ಮೂರ್ನಾಲ್ಕು ಪದರ ಇತ್ತು. ಸ್ಯಾಂಡ್ ಪೇಪರ್ ಹಿಡಿದು ತಿಕ್ಕುತ್ತಾ ಕೂತರೆ ವಾರ ಬೇಕು. ಅವನು ಪೇಂಟ್ ರಿಮೂವರ್ ಡಬ್ಬಿ ತಂದ. ಬಾನೆಟ್ ಮೇಲೆ ಬ್ರಶ್‌ನಿಂದ ಬಳಿದ ಸ್ವಲ್ಪ ಹೊತ್ತಿಗೇ ಬಣ್ಣ ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿತು. ನೋಡೋಕೆ ಖುಷಿಯಾಯಿತು. ಅದರ ಕೆಳಗಿನ ಜೆಲ್‌ಕೋಟ್, ಅಂದರೆ ಫೈಬರ್‌ನ ಮೇಲಿನ ನುಣುಪು ಪದರ, ಮುಟ್ಟಿ ನೋಡಿದೆ, ನೆನೆದ ಸೋಪಿನ ಹಾಗೆ ಮೆತ್ತಗಿತ್ತು. ಉಗುರು ಒತ್ತಿದರೆ ಗುರುತು ಮೂಡಿತು. "ಒಣಗಿದ ಮ್ಯಾಲ ಗಟ್ಟಿ ಆಗ್ತದ್ರಿ" ಅಂದ. ನಾನು ಆಗಲೇ ಕೆಲಸ ನಿಲ್ಲಿಸಬೇಕಿತ್ತು. ರಿಮೂವರ್ ಇರುವುದು ತಗಡಿಗೆ. ತಗಡು ಅದನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಫೈಬರ್ ಅಂದರೆ ಗಾಜಿನ ಎಳೆ ಮತ್ತು ಅದನ್ನು ಹಿಡಿದಿಡುವ ಅಂಟಿನಂಥ ಪಾಲಿಯೆಸ್ಟರ್ ರೆಸಿನ್. ರಿಮೂವರ್ ಆ ರೆಸಿನ್ನನ್ನೇ ತಿನ್ನುತ್ತದೆ, ಒಳಗೆ ಇಳಿದು ಕೂತುಬಿಡುತ್ತದೆ.

ಆಮೇಲೆ ಪೈಪ್ ಹಿಡಿದು ನೀರು ಬಿಟ್ಟ. ರಿಮೂವರ್ ತೊಳೆಯಬೇಕಲ್ಲ. ವಾಟರ್ ಪೇಪರ್ ಹಾಕಿ ತಿಕ್ಕಿದ. ಜೆಲ್‌ಕೋಟ್ ಹೋದ ಕಡೆ ಗಾಜಿನ ಎಳೆಗಳು ಕಾಣುತ್ತಿದ್ದವು. ಅಲ್ಲಿಂದ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಮೂರು ದಿನ ತಗಡಿನ ಶೆಡ್‌ನಲ್ಲಿ ಫ್ಯಾನ್ ಹಚ್ಚಿ ಇಟ್ಟ. ಹೊರಗೆ ಜಿಟಿಜಿಟಿ ಮಳೆ. ನಾಲ್ಕನೇ ದಿನ ಪ್ರೈಮರ್.

ಪ್ರೈಮರ್ ಕಲಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಡಬ್ಬಿಯ ಮೇಲೆ ನಾಲ್ಕು ಪಾಲು ಪ್ರೈಮರ್‌ಗೆ ಒಂದು ಪಾಲು ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ಅಂತ ಸ್ಪಷ್ಟವಾಗಿ ಬರೆದಿತ್ತು. ಇವನು ಹಳೇ ಆಯಿಲ್ ಡಬ್ಬಿಗೆ ಪ್ರೈಮರ್ ಸುರಿದು, ಹಾರ್ಡನರನ್ನು ನೀರಿನ ಬಾಟಲಿಯ ಮುಚ್ಚಳದಲ್ಲಿ ಅಳೆದ. ಒಂದು, ಎರಡು, ಮೂರು… ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಇನ್ನೊಂದಿಷ್ಟು ಹಾಕಿದ. ಎಷ್ಟನೇ ಮುಚ್ಚಳವೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಲಸಿದ ತಕ್ಷಣ ಗನ್‌ಗೆ ಹಾಕಿ ಹೊಡೆದೇಬಿಟ್ಟ. ಆ ಡಬ್ಬಿಯ ಮೇಲೇ ಕಲಸಿದ ಮೇಲೆ ಅರ್ಧ ಗಂಟೆ ಬಿಡಿ ಅಂತ ಇತ್ತು. ಎರಡು ತೆಳು ಕೋಟ್ ಹೊಡೆಯೋ ಬದಲು ಒಂದೇ ದಪ್ಪ ಕೋಟ್.

ಮರುದಿನ ಪಂಚಮಿಗೆ ಅಂತ ಊರಿಗೆ ಹೋದ. ಹನ್ನೆರಡು ದಿನ ಬರಲಿಲ್ಲ. ನಾನು ಮನೆಯಲ್ಲಿ ಉಂಡಿ ತಿನ್ನುತ್ತಾ ಫೋನ್ ಮಾಡುತ್ತಲೇ ಇದ್ದೆ. ಎಪಾಕ್ಸಿಗೆ ಒಂದು ಗಡುವು ಇರುತ್ತದೆ. ಅಷ್ಟು ಹೊತ್ತಿನ ಒಳಗೆ ಮುಂದಿನ ಕೋಟ್ ಹೊಡೆದರೆ ಅದು ಕೆಳಗಿನ ಪದರವನ್ನು ಹಿಡಿದುಕೊಳ್ಳುತ್ತದೆ. ಗಡುವು ಮೀರಿದರೆ ಪೇಪರ್ ಹಾಕಿ ಮತ್ತೆ ಒರಟು ಮಾಡಲೇಬೇಕು. ಈ ಗಡುವು ಕಂಪನಿಯಿಂದ ಕಂಪನಿಗೆ ಬೇರೆ, ಪ್ರೈಮರ್ ಜೊತೆ ಸಿಗುವ ಮಾಹಿತಿ ಹಾಳೆಯಲ್ಲಿ ಇರುತ್ತದೆ. ಇವನು ಬಂದವನೇ ಬಟ್ಟೆಯಲ್ಲಿ ಧೂಳು ಒರೆಸಿ ಸೀದಾ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದ.

ಗಾಡಿ ಮನೆಗೆ ಬಂದಾಗ ಮಾತ್ರ ಕನ್ನಡಿ! ಕಡು ಕೆಂಪು, ಕಾಕಾನ ಕಾಲದ ಅದೇ ಬಣ್ಣ. (ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಆ ಓಡಾಟ ಬೇಡ ಅಂತ ಅದನ್ನೇ ಇಟ್ಟುಕೊಂಡೆ.) ಆರ್‌ಟಿಒದಲ್ಲಿ ಇಬ್ಬರು ಬಂದು ಫೋಟೊ ತೆಗೆದುಕೊಂಡರು. ನಾನು ಉಬ್ಬಿಹೋದೆ. ಇಪ್ಪತ್ತು ದಿನಕ್ಕೆ ಬಾನೆಟ್ಟೂ ಉಬ್ಬಿತು.

ಮಳೆ ನಿಂತು ಬಿಸಿಲು ಬಿದ್ದಿತ್ತು. ಕಡು ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ. ಮೊದಲು ಸಾಸಿವೆ ಕಾಳಿನಷ್ಟು, ಆಮೇಲೆ ಕಡಲೆಯಷ್ಟು ಗುಳ್ಳೆಗಳು. ಒಂದನ್ನು ಸೂಜಿಯಿಂದ ಚುಚ್ಚಿದೆ. ಅಂಟಂಟಾದ ಒಂದು ಹನಿ ಬಂತು. ಮೂಗಿನ ಹತ್ತಿರ ಹಿಡಿದರೆ ಅದೇ ರಿಮೂವರ್ ವಾಸನೆ, ಮೂರು ತಿಂಗಳಾದ ಮೇಲೂ. ಬಾಗಿಲಿನ ಅಂಚಿನಲ್ಲಿ ಬಣ್ಣ ಎದ್ದಿತ್ತು. ಹಿಡಿದು ಎಳೆದರೆ ಬಾಳೆಹಣ್ಣಿನ ಸಿಪ್ಪೆ ಬಂದಂತೆ ಬಂತು. ಕೆಳಗೆ ಬೂದು ಪ್ರೈಮರ್ ನುಣ್ಣಗೆ ಹೊಳೆಯುತ್ತಿತ್ತು. ಪೇಂಟರ್‌ಗೆ ತೋರಿಸಿದೆ. "ಫೈಬರ್ ಗಾಡಿ ಹಂಗ ಇರ್ತಾವ್ರಿ" ಅಂದ. ಅಷ್ಟೇ. ರಸೀದಿ ಇಲ್ಲ, ಗ್ಯಾರಂಟಿ ಇಲ್ಲ. ಜಗಳ ಮಾಡಿ ಏನು ಪ್ರಯೋಜನ?

ಕೊನೆಗೆ ತಾರಿಹಾಳದ ಕಡೆ ಫೈಬರ್ ಟ್ಯಾಂಕು ಮಾಡುವ ಅಜ್ಜಾರೊಬ್ಬರು ಸಿಕ್ಕರು. ಬಾನೆಟ್ಟಿಗೆ ಕಿವಿ ಹಚ್ಚಿ, ನಾಣ್ಯದಿಂದ ಅಲ್ಲಲ್ಲಿ ಬಡಿದು ನೋಡಿದರು. "ತಮ್ಮಾ, ಇದು ತಗಡಲ್ಲ. ನೀರೂ ಕುಡೀತೈತಿ, ಔಷಧಾನೂ ಕುಡೀತೈತಿ. ಕುಡದದ್ದನ್ನ ಹೊರಗ ಬಿಡೂಕಿಂತ ಮೊದಲ ನೀವು ಅದರ ಬಾಯಿ ಹೊಲದ್ರಿ" ಅಂದರು. ನನ್ನ ಇಡೀ ಕತೆ ಆ ಮಾತಲ್ಲಿ ಇತ್ತು. ಎಪಾಕ್ಸಿಯ ತಪ್ಪಿಲ್ಲ. ಅದು ಗಾಳಿ, ನೀರು ಆಡದ ಹಾಗೆ ಮುಚ್ಚುತ್ತದೆ, ಅದರ ಕೆಲಸವೇ ಅದು. ಒಳಗೆ ಏನಿದೆ ಅಂತ ನೋಡಿಕೊಳ್ಳಬೇಕಾದವರು ನಾವು.

ಫೆಬ್ರುವರಿವರೆಗೆ ಕಾಯಿಸಿದರು. ಬಾನೆಟ್, ಛಾವಣಿ, ಬಾಗಿಲು ಎಲ್ಲ ಕೈಯಲ್ಲೇ ಕೆರೆದರು. ರಿಮೂವರ್ ಇಲ್ಲ, ಹೀಟ್ ಗನ್ ಇಲ್ಲ. ಮೊದಲು ಮೇಣ-ಜಿಡ್ಡು ತೆಗೆಯುವ ದ್ರವದಿಂದ ಒರೆಸಿ, ಆಮೇಲೆ 80ರ ಒರಟು ಪೇಪರ್, ಕೊನೆಗೆ 180ರ ನಯವಾದದ್ದು. ಜಿಡ್ಡು ತೆಗೆಯದೆ ತಿಕ್ಕಿದರೆ ಮೇಣ ಇನ್ನೂ ಒಳಗೆ ಹೋಗುತ್ತದಂತೆ. ಮೆತ್ತಗಾಗಿದ್ದ ಜೆಲ್‌ಕೋಟ್ ಪೂರ್ತಿ ತೆಗೆದರು. ಜೇಡರ ಬಲೆಯಂಥ ಬಿರುಕುಗಳ ಮೇಲೆ ಸುಮ್ನೆ ಪುಟ್ಟಿ ಬಳಿಯಲಿಲ್ಲ. ಬಿರುಕನ್ನು ಅಗಲ ಮಾಡಿ, ಗಾಜಿನ ಎಳೆಯ ಮ್ಯಾಟ್ ಮತ್ತು ರೆಸಿನ್ ಕೂರಿಸಿದರು. ಇದೆಲ್ಲ ಎಪಾಕ್ಸಿಗಿಂತ ಮೊದಲೇ ಆಗಬೇಕು, ಯಾಕೆಂದರೆ ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ಫೈಬರ್ ಧೂಳಿಗೆ ನನಗೆ ಎರಡು ದಿನ ಮೈ ತುರಿಕೆ. ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ಹತ್ತಿರ ಹೋಗಬೇಡಿ. ಪಿಯು ಹಾರ್ಡನರ್ ಅದಕ್ಕಿಂತ ಅಪಾಯ. ಅದರಲ್ಲಿ ಐಸೊಸಯನೇಟ್ ಅನ್ನುವ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಆಮೇಲೆ ಮೂರು ವಾರ ಬಿಸಿಲು. ಒಳಗೆ ತೇವ ಉಳಿದಿದೆಯಾ ಅಂತ ನೋಡಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಾನೆಟ್ ಮೇಲೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಬಿಸಿಲಿಗೆ ಬಿಟ್ಟರು. ಮೊದಲ ಸಲ ಮಧ್ಯಾಹ್ನದ ಹೊತ್ತಿಗೆ ಹಾಳೆಯ ಒಳಗೆ ಸಣ್ಣ ಸಣ್ಣ ಹನಿ ಕೂತಿದ್ದವು. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ಹತ್ತು ದಿನ ಬಿಟ್ಟು ಹಚ್ಚಿದಾಗ ಹಾಳೆ ಒಣಗಿತ್ತು. ಆಮೇಲೇ ಪ್ರೈಮರ್ ಡಬ್ಬಿ ತೆಗೆದದ್ದು. ಗೆರೆ ಇರುವ ಅಳತೆ ಕಪ್ಪು, ಅರ್ಧ ಗಂಟೆ ಕಾಯುವಿಕೆ, ಎರಡು ತೆಳು ಕೋಟ್. ಮರುದಿನವೇ ಅದರ ಮೇಲೆ ಸರ್ಫೇಸರ್, ಅಂದರೆ ಬಣ್ಣಕ್ಕೆ ಮೊದಲು ಮೇಲ್ಮೈ ಸಮ ಮಾಡುವ ಪದರ. ಎಪಾಕ್ಸಿಯನ್ನು ಹಾಗೇ ಬಿಸಿಲಲ್ಲಿ ಬಿಟ್ಟರೆ ಸುಣ್ಣದ ಪುಡಿಯಂತೆ ಉದುರುತ್ತದೆ ಅನ್ನೋದೂ ಅವರಿಂದಲೇ ತಿಳಿದದ್ದು.

ನೀವು ಬಿಡುವ ಗ್ಯಾರೇಜಿನಲ್ಲಿ ಒಂದೇ ಪ್ರಶ್ನೆ ಕೇಳಿ: ಹಳೇ ಬಣ್ಣ ಹೇಗೆ ತೆಗೀತೀರಿ? "ರಿಮೂವರ್" ಅಂದರೆ ಚಹಾ ಕುಡಿದು ವಾಪಸ್ ಬನ್ನಿ.

ಈ ಸಲ ಒಂದು ಬೇಸಿಗೆ, ಒಂದು ಮಳೆಗಾಲ ದಾಟಿತು. ಬಾನೆಟ್, ಛಾವಣಿ, ಬಾಗಿಲು ಚೆನ್ನಾಗಿವೆ. ಹಿಂದಿನ ಭಾಗ ಮಾತ್ರ ಅಜ್ಜಾರು ಕೆರೆಯುತ್ತೇನೆ ಅಂದರೂ ನಾನೇ ಬೇಡ ಅಂದಿದ್ದೆ. ಅಲ್ಲಿ ಗುಳ್ಳೆ ಇರಲಿಲ್ಲ, ಎಂಟು ಸಾವಿರ ಉಳಿಯುತ್ತಿತ್ತು. ಹೋದ ವಾರ ಗಾಡಿ ಒರೆಸುವಾಗ ಡಿಕ್ಕಿಯ ಬಲಗಡೆ ಬೆರಳಿಗೆ ಏನೋ ತಾಗಿತು. ಜೋಳದ ಕಾಳಿನಷ್ಟಿದೆ. ಇನ್ನೂ ಚುಚ್ಚಿಲ್ಲ.