ಅಡಿಕೆ ಮಂಡಿಯ ಸರ್ವಿಸ್ ಬಿದ್ದಾಗ: ಪಿಎಂ2, ಸೂಪರ್‌ವೈಸರ್, ಸಿಸ್ಟಮ್‌ಡಿ

ಪಿಎಂ2, ಸೂಪರ್‌ವೈಸರ್, ಸಿಸ್ಟಮ್‌ಡಿ ಮೂರೂ ಬಿದ್ದ ಪ್ರೋಗ್ರಾಮನ್ನು ತಾವೇ ಮತ್ತೆ ಎಬ್ಬಿಸುವ ಸಾಫ್ಟ್‌ವೇರುಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಸ್ಟಮ್‌ಡಿಗೆ. ಮೂರರಲ್ಲಿ ನನ್ನನ್ನು ಜಾಸ್ತಿ ಗೋಳು ಹೊಯ್ದುಕೊಂಡದ್ದೂ ಅದೇ.

ಸಾಗರದ ಒಂದು ಅಡಿಕೆ ಮಂಡಿಗೆ ಸಣ್ಣ ಪೈಥಾನ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ದಿನಾ ಸಂಜೆ ರಾಶಿ, ಬೆಟ್ಟೆ, ಗೊರಬಲು, ಸರಕು ನಾಲ್ಕೂ ಬಗೆಯ ಅಡಿಕೆಯ ರೇಟು ಬೆಳೆಗಾರರ ಮೊಬೈಲಿಗೆ ಹೋಗಬೇಕು. ಸರ್ವರ್ ಅಂದರೆ ಗಲ್ಲಾದ ಹಿಂದೆ ಕೂತಿರುವ ಹಳೇ ಡೆಸ್ಕ್‌ಟಾಪ್. 2 ಜಿಬಿ ರ‍್ಯಾಮ್, ಉಬುಂಟು ಲಿನಕ್ಸ್. ನಾನಿರುವುದು ಶಿವಮೊಗ್ಗದಲ್ಲಿ. ನೆಟ್ ಇದ್ದರೆ ಇಲ್ಲಿಂದಲೇ ಲಾಗಿನ್ ಆಗುತ್ತೇನೆ. ಇಲ್ಲದಿದ್ದರೆ ಬಸ್ಸು ಹತ್ತಿ ಆಯನೂರು, ಆನಂದಪುರ ದಾಟಿ ಹೋಗಬೇಕು. ಆಷಾಢದ ಮಳೆಗೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ, ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಯಿತು. "ಎಂಥದು ಮಾರಾಯ, ಇವತ್ತೂ ಮೆಸೇಜ್ ಹೋಗ್ಲಿಲ್ವಲ್ಲ" ಅಂತ ಸಾಹುಕಾರರ ಫೋನು ಬಂತೆಂದರೆ ಸರ್ವಿಸ್, ಅಂದರೆ ಆ ಪ್ರೋಗ್ರಾಮ್, ಮಲಗಿದೆ ಅಂತ ಅರ್ಥ.

ಪಿಎಂ2 'ನೋಡ್' (ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಬಳಸುವವರಿಗೆ ಚೆನ್ನ. ಒಂದು ಪೈಥಾನ್ ಪ್ರೋಗ್ರಾಮಿಗಾಗಿ ನೋಡ್ ತಂದು ಹಾಕಿದ್ದೇ ನನಗೆ ಅತಿಯಾಯಿತು. ಮೇಲಿಂದ ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ಉಳಿಸುವ 'ಸೇವ್' ಆಜ್ಞೆ ಕೊಡಲು ಮರೆತಿದ್ದೆ. ರೀಬೂಟ್ ಆದ ಮೇಲೆ ನೋಡಿದರೆ ಪಟ್ಟಿ ಖಾಲಿ.

ಸೂಪರ್‌ವೈಸರ್ ಬಗ್ಗೆ ದೂರು ಕಡಿಮೆ. ಕಾನ್ಫಿಗ್ ಫೈಲ್ ಓದಿದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಪ್ರೋಗ್ರಾಮ್ ಒಂದು ಸೆಕೆಂಡಿನೊಳಗೇ ಬಿದ್ದರೆ ಇನ್ನು ಮೂರು ಸಲ ಎಬ್ಬಿಸಿ ನೋಡಿ 'ಫೇಟಲ್' ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಈ ಮೂರನ್ನು ಮೂವತ್ತು ಮಾಡಬಹುದು, ನಿಜ. ಆದರೆ ಉಬುಂಟುವಿನಲ್ಲಿ ಆ ಸೂಪರ್‌ವೈಸರನ್ನು ಎಬ್ಬಿಸುವುದೇ ಸಿಸ್ಟಮ್‌ಡಿ. ಮೇಸ್ತ್ರಿಗೆ ಇನ್ನೊಬ್ಬ ಮೇಸ್ತ್ರಿ ಯಾಕೆ, ಅಲ್ವಾ?

ಹಾಗಂತ ಸಿಸ್ಟಮ್‌ಡಿಗೆ ಬಂದೆ. ಅದರ ಕಾನ್ಫಿಗ್ ಫೈಲಿನಲ್ಲಿ 'ರೀಸ್ಟಾರ್ಟ್' ಎದುರಿಗೆ 'ಆಲ್ವೇಸ್' (ಯಾವಾಗ ಬಿದ್ದರೂ ಎಬ್ಬಿಸು) ಅಂತ ಬರೆದು ನೆಮ್ಮದಿಯಾಗಿ ಮಲಗಿದೆ. ಮಾರನೇ ದಿನವೇ ಫೋನು.

ಆಗಿದ್ದು ಇಷ್ಟು. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ಏಳುತ್ತದೆ. ರೌಟರ್‌ಗೆ ನೆಟ್ ಸಿಗಲು ಇನ್ನೆರಡು ನಿಮಿಷ ಬೇಕು. ನನ್ನ ಪ್ರೋಗ್ರಾಮ್ ಎದ್ದವನೇ ನೆಟ್ ಹುಡುಕಿ, ಸಿಗದೆ ಬೀಳುತ್ತದೆ. ಸಿಸ್ಟಮ್‌ಡಿ ನಾವು ಬೇರೆ ಹೇಳದಿದ್ದರೆ 100 ಮಿಲಿಸೆಕೆಂಡಿಗೇ ಮತ್ತೆ ಎಬ್ಬಿಸುತ್ತದೆ. 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿಯೂ ನಿಲ್ಲದಿದ್ದರೆ ಕೈಬಿಡುತ್ತದೆ. 'ಆಲ್ವೇಸ್' ಅಂದರೂ ಅಷ್ಟೇ! 'ನೆಟ್‌ವರ್ಕ್ ಆನ್‌ಲೈನ್ ಆದ ಮೇಲೆ ಶುರುಮಾಡು' ಅನ್ನುವ ಸಾಲನ್ನೂ ಹಾಕಿ ನೋಡಿದೆ. ಅದು ರೌಟರ್‌ವರೆಗಿನ ಸಂಪರ್ಕ ಕಂಡರೆ ಸಾಕು ಅನ್ನುತ್ತದೆ, ಆಚೆ ಇಂಟರ್ನೆಟ್ ಇದೆಯೋ ಇಲ್ಲವೋ ಕೇಳುವುದಿಲ್ಲ.

ಸರಿ, ಆ ಮಿತಿಯನ್ನೇ ತೆಗೆಯೋಣ ಅಂತ ಆ 10 ಸೆಕೆಂಡಿನ ಲೆಕ್ಕ ಇಡುವ 'ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್' ಸೊನ್ನೆ ಮಾಡಿದೆ. ಏನೂ ಬದಲಾಗಲಿಲ್ಲ. ಮೂರು ದಿನ, ಎರಡು ಬಸ್ ಟಿಕೆಟ್. ಕೊನೆಗೆ ಜರ್ನಲ್ಲಿನಲ್ಲಿ (ಸಿಸ್ಟಮ್‌ಡಿಯ ದಾಖಲೆ) ಮೇಲಕ್ಕೆ ಹೋಗುತ್ತಾ ಹೋದಾಗ ಒಂದು ಸಾಲು ಕಂಡಿತು: ಈ ಹೆಸರು ಗೊತ್ತಿಲ್ಲ, ಬಿಟ್ಟಿದ್ದೇನೆ. ನಾನು ಸೊನ್ನೆ ಮಾಡಿದ ಸಾಲು ಫೈಲಿನ 'ಯೂನಿಟ್' ಭಾಗದಲ್ಲಿ ಇರಬೇಕಂತೆ. ನಾನು 'ಸರ್ವಿಸ್' ಭಾಗದಲ್ಲಿ ಬರೆದಿದ್ದೆ. ತಪ್ಪಾಗಿದ್ದರೆ ನಿಲ್ಲಿಸಿ ಹೇಳಬಾರದೇ? ಸುಮ್ನೆ ಗೊಣಗಿ ಮುಂದೆ ಹೋಗಿದೆ. ಈಗ ಫೈಲ್ ಮುಟ್ಟಿದ ಮೇಲೆ ಅದರ ತಪ್ಪು ತೋರಿಸುವ 'ಸಿಸ್ಟಮ್‌ಡಿ-ಅನಲೈಜ್ ವೆರಿಫೈ' ಆಜ್ಞೆ ಓಡಿಸದೆ ಎದ್ದು ಹೋಗುವುದಿಲ್ಲ.

ಸರಿಯಾದ ಜಾಗಕ್ಕೆ ಹಾಕಿದೆ. ನೆಟ್ ಬರುವ ತನಕ ಬಿಡುವಿಲ್ಲದೆ ಬಿದ್ದು ಎದ್ದು, ಫ್ಯಾನು ಗಿರಣಿಯ ಹಾಗೆ ಕೂಗತೊಡಗಿತು. ಆಮೇಲೆ ಮತ್ತೆ ಎಬ್ಬಿಸುವ ಮುಂಚೆ ಕಾಯುವ ಹೊತ್ತು, ಅಂದರೆ 'ರೀಸ್ಟಾರ್ಟ್‌ಸೆಕ್', 15 ಮಾಡಿದೆ. 15 ಸೆಕೆಂಡಿಗೊಮ್ಮೆ ಎದ್ದರೆ 10 ಸೆಕೆಂಡಿನಲ್ಲಿ 5 ಸಲ ಆಗುವುದಾದರೂ ಹೇಗೆ? ಮೊದಲೇ ಇದೊಂದು ಸಾಲು ಬರೆದಿದ್ದರೆ ಮಿತಿಯ ತಂಟೆಗೇ ಹೋಗಬೇಕಿರಲಿಲ್ಲ.

ಇಷ್ಟಾದರೂ ಸಿಸ್ಟಮ್‌ಡಿಯೇ ಯಾಕೆ ಅಂದರೆ, ರೋಗ ಹೇಳುವುದರಲ್ಲಿ ಅದು ಜೋರು. ವಾರಕ್ಕೊಮ್ಮೆ ನೆಟ್ ಇದ್ದಾಗಲೂ ಪ್ರೋಗ್ರಾಮ್ ಸಾಯುತ್ತಿತ್ತು. ಸೂಪರ್‌ವೈಸರಿನ ಲಾಗ್ ಫೈಲಿನಲ್ಲಿ ಇದ್ದದ್ದು 'ಸಿಗ್‌ಕಿಲ್' (ಬಲವಂತವಾಗಿ ಕೊಂದದ್ದು) ಅಂತ ಮಾತ್ರ. ಕೊಂದವರು ಯಾರು? ಸಿಸ್ಟಮ್‌ಡಿ ನೇರ 'ಊಮ್-ಕಿಲ್' ಅಂತ ಬರೆಯಿತು. ಅಂದರೆ ರ‍್ಯಾಮ್ ಸಾಲದೆ ಕರ್ನಲ್ಲೇ (ಲಿನಕ್ಸಿನ ತಿರುಳು) ಕೊಂದಿದೆ. ಹುಡುಕಿದರೆ ತಪ್ಪು ನನ್ನದೇ. ಕಳಿಸಿ ಮುಗಿದ ಮೆಸೇಜುಗಳನ್ನೂ ಪಟ್ಟಿಯಿಂದ ತೆಗೆಯದೆ ಪೇರಿಸಿಡುತ್ತಿದ್ದೆ.

ದುಡ್ಡಿನ ಲೆಕ್ಕದಲ್ಲಿ ಮೂರೂ ಒಂದೇ, ಬಿಟ್ಟಿ. ಆದರೆ ಇರುವುದೇ 2 ಜಿಬಿ. ಸಿಸ್ಟಮ್‌ಡಿ ಹೇಗೂ ಓಡುತ್ತಿರುತ್ತದೆ, ಅದರ ಮೇಲೆ ಇನ್ನೊಂದನ್ನು ಸಾಕಲು ನನಗೆ ಮನಸ್ಸಿಲ್ಲ. ನೀವು ಐದಾರು ನೋಡ್ ಪ್ರೋಗ್ರಾಮ್ ಓಡಿಸುವವರಾದರೆ ಪಿಎಂ2 ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ.

ಮೊನ್ನೆ ಸಾಹುಕಾರರು ಮತ್ತೆ ಫೋನು ಮಾಡಿದರು. "ಅರ್ಧ ಜನಕ್ಕೆ ರೇಟು ಎರಡೆರಡು ಸಲ ಬಂದಿದೆಯಲ್ಲ ಮಾರಾಯ." ಕಳಿಸುತ್ತಿರುವಾಗಲೇ ಕರೆಂಟು ಹೋಗಿದೆ. ಎದ್ದ ಸರ್ವಿಸ್ ಮೊದಲ ಹೆಸರಿನಿಂದ ಮತ್ತೆ ಶುರು ಮಾಡಿದೆ. ಈಗ ಯಾರ ತನಕ ಹೋಯಿತು ಅಂತ ಒಂದು ಫೈಲಿನಲ್ಲಿ ಗುರುತು ಹಾಕಿಸುತ್ತಿದ್ದೇನೆ.